12 ಎಂಎಂ ಗಸೆಟ್, 20 ಎಂಎಂ ಬೇಸ್ ಪ್ಲೇಟ್: 6013 ಸಾಕಾ, 7018 ಬೇಕೇ ಬೇಕಾ?

ತಾರಿಹಾಳ_ಶೆಡ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ತಾರಿಹಾಳದಲ್ಲಿ ನಮ್ಮದೊಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಸಣ್ಣಪುಟ್ಟ ಶೆಡ್ಡು, ಇಷ್ಟು ದಿನ ಮಾಡಿದ್ದು ಇಷ್ಟೇ. ಈಗ ಬ್ಯಾಡಗಿ ಹತ್ತಿರ ಒಂದು ಮೆಣಸಿನಕಾಯಿ ಗೋದಾಮಿನ ಕೆಲಸ ಬಂದಿದೆ. ಒಳಗೆ ಅರ್ಧ ಜಾಗಕ್ಕೆ ಅಟ್ಟ ಹಾಕಬೇಕು. ಅದರ ಮೇಲೆ ಚೀಲ ಪೇರಿಸುತ್ತಾರೆ. ಐಎಸ್‌ಎಂಬಿ 250 ಕಾಲಮ್ (ಐ ಆಕಾರದ ಕಂಬ), ಅದರ ಬುಡಕ್ಕೆ 20 ಎಂಎಂ ಬೇಸ್ ಪ್ಲೇಟ್, ಜಾಯಿಂಟಿಗೆ ಒತ್ತು ಕೊಡಲು 12 ಎಂಎಂ ಗಸೆಟ್ ಪ್ಲೇಟು, ಬೀಮ್ ಕೂರಿಸಲು ಬ್ರಾಕೆಟ್. ಸ್ಟೀಲು ಐಎಸ್ 2062 ಇ250, ಅಂದರೆ ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್).

ಡ್ರಾಯಿಂಗಿನ ಮೂಲೆಯಲ್ಲಿ ಒಂದೇ ಸಾಲು ಇದೆ: ಎಲ್ಲಾ ವೆಲ್ಡ್ ಇ7018. ಅದು ವೆಲ್ಡಿಂಗ್ ರಾಡಿನ ಜಾತಿಯ ನಂಬರು. ನಮ್ಮ ಇಬ್ಬರು ಹುಡುಗರ ಕೈ ಕೂತಿರುವುದು ಇನ್ನೊಂದು ಜಾತಿಯ ರಾಡು 6013 ಮೇಲೆ. ಗೋದಾಮಿನ ಮಾಲೀಕರು ಕೇಳುತ್ತಾರೆ, ಇಷ್ಟು ವರ್ಷ 6013ರಲ್ಲೇ ಮಾಡಿದ್ದೀರಲ್ಲ, ಯಾವುದಾದರೂ ಬಿದ್ದಿದೆಯಾ ಅಂತ. ಬಿದ್ದಿಲ್ಲ, ನಿಜ. ಆದರೆ ಅಟ್ಟದ ಕೆಳಗೆ ಹಮಾಲರು ಓಡಾಡುತ್ತಾರೆ, ಅದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ನಿನ್ನೆ ಒಂದು ಪ್ಯಾಕೆಟ್ 7018 ತಂದು ನೋಡಿದೆವು. ರಾಡು ಬರೀ ಅಂಟಿಕೊಳ್ಳುತ್ತದೆ. ಹತ್ತಿದರೂ ಸರಿಯಾಗಿ ಹರಿಯುವುದಿಲ್ಲ. ಮೇಲೆ ಕೂರುವ ಸ್ಲ್ಯಾಗ್ ಸಿಪ್ಪೆ ತೆಗೆದರೆ ರನ್ (ವೆಲ್ಡಿನ ಒಂದು ಎಳೆತ) ಶುರುವಾದ ಕಡೆ ತೂತುತೂತು, ರವೆ ಇಡ್ಲಿ ತರ. ಇದಕ್ಕಿಂತ ನಮ್ಮ 6013ನೇ ವಾಸಿ ಅಲ್ವಾ?

ನಮ್ಮಲ್ಲಿರುವುದು ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್, ಒಂದು 200 ಆಂಪ್ಸ್ ಇನ್ವರ್ಟರ್. ಹೊರಗೆ ಆರಿದ್ರಾ ಮಳೆ ಹಿಡಿದಿದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.

ಗದಗ_ಟ್ರಾಲಿ

ಡ್ರಾಯಿಂಗ್ ಬರೆಯುವವರಿಗೆ ಏನ್ರಿ, ಒಂದು ಸಾಲು ಗೀಚಿ ಸಹಿ ಹಾಕಿದರೆ ಮುಗಿಯಿತು. ರಾಡು ಹಿಡಿಯುವವರು ನಾವು. ಬೆಟಗೇರಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುತ್ತೇನೆ. ಚಾಸಿ, ಬಾಡಿ, ಹುಕ್ಕು ಎಲ್ಲಾ 6013. ಹೆಸರುಕಾಳು, ಗೋವಿನಜೋಳ, ಮರಳು, ಕಲ್ಲು, ಏನು ಹೇರಿದರೂ ತಡೆದಿವೆ. ಸುಮ್ನೆ ಖರ್ಚು ಹೆಚ್ಚಿಸಿಕೊಳ್ಳಬೇಡಿ.

ಧಾರವಾಡ_ಸ್ಟ್ರಕ್ಚರಲ್

ಅಂಥ ಸಾಲು ಬರೆಯುವವರಲ್ಲಿ ನಾನೂ ಒಬ್ಬ, ಹಾಗಾಗಿ ಬೈಗುಳದಲ್ಲಿ ನನ್ನ ಪಾಲು ತೆಗೆದುಕೊಂಡೇ ಉತ್ತರ ಕೊಡುತ್ತೇನೆ.

ಮೊದಲು ಟ್ರಾಲಿ ಅಣ್ಣನ ಪರವಾಗಿ ಒಂದು ಮಾತು. ಬರೀ ಶಕ್ತಿಯ ಲೆಕ್ಕ ನೋಡಿದರೆ ನಿಮ್ಮ ಕೆಲಸಕ್ಕೆ 7018ರಿಂದ ಒಂದು ಕೆಜಿಯೂ ಜಾಸ್ತಿ ಸಿಗುವುದಿಲ್ಲ. ನಂಬರಿನ ಮೊದಲ ಎರಡು ಅಂಕಿ ವೆಲ್ಡಿನ ಶಕ್ತಿ: 60 ಅಂದರೆ ಸುಮಾರು 430 ಎಂಪಿಎ (ಒಂದು ಚದರ ಎಂಎಂಗೆ ಅಷ್ಟು ನ್ಯೂಟನ್), 70 ಅಂದರೆ ಸುಮಾರು 490. ಇ250 ಪ್ಲೇಟಿನದು 410. ಸ್ಟೀಲ್ ಕಟ್ಟಡಗಳ ಭಾರತೀಯ ಕೋಡು ಐಎಸ್ 800 ಪ್ರಕಾರ ಪ್ಲೇಟು, ವೆಲ್ಡು ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಅಲ್ಲಿಗೆ 6013 ಹಾಕಿದರೂ 410, 7018 ಹಾಕಿದರೂ 410.

6 ಎಂಎಂ ಫಿಲೆಟ್ (ಎರಡು ಪ್ಲೇಟು ಸೇರುವ ಮೂಲೆಗೆ ತುಂಬುವ ತ್ರಿಕೋನದ ವೆಲ್ಡು) ತೆಗೆದುಕೊಳ್ಳಿ. ಥ್ರೋಟ್, ಅಂದರೆ ಆ ತ್ರಿಕೋನದ ಅತಿ ತೆಳುವಾದ ಅಳತೆ, 0.7 ಪಟ್ಟು, 4.2 ಎಂಎಂ. ಸೈಟಿನಲ್ಲಿ ಹೊಡೆದ ವೆಲ್ಡಿಗೆ ಸುರಕ್ಷತೆಯ ಭಾಜಕ 1.5, ಶಾಪಿನಲ್ಲಿ ಹೊಡೆದರೆ 1.25. ಸೈಟಿನ ಲೆಕ್ಕದಲ್ಲಿ 100 ಎಂಎಂ ಉದ್ದದ ವೆಲ್ಡು ಸುಮಾರು 66 ಕಿಲೋನ್ಯೂಟನ್ ತಡೆಯುತ್ತದೆ. ಅದನ್ನೇ ನಿಮ್ಮ ಶೆಡ್ಡಿನಲ್ಲಿ ಹೊಡೆದು ತಂದರೆ 79. ರಾಡು ಬದಲಿಸಿ ಸಿಗದ ಲಾಭ ಜಾಗ ಬದಲಿಸಿದರೆ ಸಿಗುತ್ತದೆ. ಬ್ಯಾಡಗಿಯಲ್ಲಿ ಕಡಿಮೆ ವೆಲ್ಡ್ ಮಾಡಿ, ತಾರಿಹಾಳದಲ್ಲಿ ಜಾಸ್ತಿ ಮಾಡಿ. ಸೈಟಿನಲ್ಲಿ ಬೋಲ್ಟ್ ಹಾಕಲು ಆಗುತ್ತದಾ ಅಂತ ನಿಮ್ಮ ಎಂಜಿನಿಯರನ್ನು ಕೇಳಿ.

ಹಾಗಾದರೆ 7018 ಯಾಕೆ ಬರೆಯುತ್ತೇವೆ? ಹೈಡ್ರೋಜನ್‌ಗಾಗಿ. 6013ರ ಲೇಪನ ರೂಟೈಲ್, ಅಂದರೆ ಟೈಟಾನಿಯಂ ಆಕ್ಸೈಡ್ ಖನಿಜದ್ದು. ಅದರಲ್ಲಿ ಸ್ವಲ್ಪ ತೇವ ಇದ್ದರೇ ಆರ್ಕ್ ಚೆನ್ನಾಗಿ ಬರುವುದು. ಆ ತೇವ ಆರ್ಕಿನ ಬಿಸಿಗೆ ಒಡೆದು ಹೈಡ್ರೋಜನ್ ಆಗಿ ಕರಗಿದ ಲೋಹದೊಳಗೆ ಸೇರುತ್ತದೆ. 5-6 ಎಂಎಂ ಪ್ಲೇಟಿನಲ್ಲಿ ಯೋಚನೆ ಇಲ್ಲ, ನಿಧಾನ ಆರುತ್ತದೆ, ಹೈಡ್ರೋಜನ್ ಹೊರಗೆ ಹೋಗುತ್ತದೆ. ದಪ್ಪ ಪ್ಲೇಟು ಬಿಸಿಯನ್ನು ಗಬಕ್ಕನೆ ಎಳೆದುಕೊಳ್ಳುತ್ತದೆ. ವೆಲ್ಡಿನ ಪಕ್ಕದ ಸ್ಟೀಲು ಗಟ್ಟಿಯಾಗುತ್ತದೆ, ಹೈಡ್ರೋಜನ್ ಒಳಗೇ ಉಳಿಯುತ್ತದೆ. ನಾಲ್ಕು ಕಡೆ ಬಿಗಿದ ಜಾಯಿಂಟ್ ಆಗಿದ್ದರೆ ಕುಗ್ಗಲು ಜಾಗ ಇಲ್ಲ, ಸೀಳುತ್ತದೆ. ಅದೂ ತಕ್ಷಣ ಅಲ್ಲ. ಕೆಲವು ಗಂಟೆ ಬಿಟ್ಟು, ಕೆಲವು ಸಲ ಎರಡು ದಿನ ಬಿಟ್ಟು.

ಗದಗ_ಟ್ರಾಲಿ

ಮರುದಿನ ಸೀಳುತ್ತದೆ ಅಂದಿರಲ್ಲ ಸರ್, ಒಂದು ನೆನಪಾಯಿತು. ಮೇಲೆ ಜಂಬ ಕೊಚ್ಚಿಕೊಂಡಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಒಂದು ಸಲ ಟ್ರಾಲಿಗೆ ಗುಜರಿಯಿಂದ ಲಾರಿ ಆಕ್ಸಲ್ ತಂದಿದ್ದೆ. ಅದಕ್ಕೆ 16 ಎಂಎಂ ಪ್ಲೇಟು ಸುತ್ತ ಕೂರಿಸಿ 6013ರಲ್ಲಿ ಮೂರು ರನ್ ಹೊಡೆದೆ. ಸ್ಲ್ಯಾಗ್ ತಾನಾಗೇ ಎದ್ದಿತು, ಬೀಡು (ವೆಲ್ಡಿನ ಉಬ್ಬು ಗೆರೆ) ಕೈಯಲ್ಲಿ ಸವರಬೇಕು ಅನ್ನೋ ಹಾಗೆ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ಅಂಗಡಿ ಕಡೆಯಿಂದ ಟಿಣ್ ಅಂತ ಸದ್ದು. ಬೆಕ್ಕು ಪಾನಾ ಬೀಳಿಸಿತು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ವೆಲ್ಡಿನ ಅಂಚಿಗೆ, ಆಕ್ಸಲ್ ಕಡೆ, ಕೂದಲೆಳೆಯಷ್ಟು ಗೆರೆ. ಉಗುರು ಸಿಕ್ಕಿಕೊಳ್ಳುತ್ತಿತ್ತು. ರಾಡು ಡೂಪ್ಲಿಕೇಟ್ ಇರಬೇಕು ಅಂತ ಅಂಗಡಿಯವನಿಗೆ ಬೈದು ಬಂದೆ.

ವರ್ಕ್‌ಶಾಪ್_ಕಾಕಾ

ಅಂಗಡಿಯವನದು ತಪ್ಪಿಲ್ಲ ತಮ್ಮಾ. ಆಕ್ಸಲ್ಲು ಎಂಎಸ್ ಅಲ್ಲ. ಅದರಲ್ಲಿ ಕಾರ್ಬನ್ ಜಾಸ್ತಿ. ಹಾಗೇ ತಣ್ಣಗಿದ್ದಾಗ ವೆಲ್ಡ್ ಮಾಡಿದರೆ ಪಕ್ಕದ ಜಾಗ ಗಾಜಾಗುತ್ತದೆ. ಅದಕ್ಕೆ ಮೊದಲು ಬಿಸಿ ಮಾಡಬೇಕು, ಒಣಗಿದ 7018 ಬೇಕು, ಆಮೇಲೆ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಮುಚ್ಚಿ ನಿಧಾನ ಆರಿಸಬೇಕು. ಹಾಗೆ ಮಾಡಿದರೂ ರಸ್ತೆ ಮೇಲೆ ಓಡುವ ಆಕ್ಸಲ್ಲಿಗೆ ವೆಲ್ಡ್ ಮಾಡಬಾರದು ಅನ್ನುವವನು ನಾನು.

ಈಗ ತಾರಿಹಾಳದವರಿಗೆ. ರಾಡು ಹಿಡಿದೇ ರಿಟೈರ್ ಆದವನು ನಾನು. ನಿಮ್ಮ ರವೆ ಇಡ್ಲಿ ಓದಿ ನಗು ಬಂತು, ನಾನೂ ಅದನ್ನು ತಿಂದಿದ್ದೇನೆ. ಕೆಲವು ಪ್ರಶ್ನೆ ಕೇಳುತ್ತೇನೆ. ಯಾವ ಮೆಷಿನ್ ಮೇಲೆ ಟ್ರೈ ಮಾಡಿದಿರಿ? ಹೋಲ್ಡರ್ ಪ್ಲಸ್‌ಗೆ ಇತ್ತಾ, ಮೈನಸ್‌ಗೆ ಇತ್ತಾ? ಪ್ಯಾಕೆಟ್ ಯಾವಾಗ ಒಡೆದಿರಿ? ರಾಡನ್ನು ಎಲ್ಲಿ ಇಟ್ಟಿದ್ದಿರಿ?

ತಾರಿಹಾಳ_ಶೆಡ್

ಟ್ರಾನ್ಸ್‌ಫಾರ್ಮರ್ ಮೇಲೆ ಕಾಕಾ. ಪ್ಯಾಕೆಟ್ ಅಂಗಡಿಯಲ್ಲೇ ಒಡೆದಿತ್ತು, ಬಿಡಿಯಾಗಿ ಎರಡು ಕೆಜಿ ತೂಗಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ಸ್ಕೂಟರ್ ಡಿಕ್ಕಿಯಲ್ಲಿ ತಂದೆ. ದಾರಿಯಲ್ಲಿ ಮಳೆ.

ವರ್ಕ್‌ಶಾಪ್_ಕಾಕಾ

ಮುಗಿಯಿತು. ಅದು 7018 ಅಲ್ಲ, 7018ರ ತಿಥಿ.

ಆ ರಾಡಿನ ಬೆಲೆ ಇರುವುದೇ ಅದರ ಒಣತನಕ್ಕೆ. ಸುಣ್ಣದ ಜಾತಿಯ ಲೇಪನ, ಕುಲುಮೆ ಬಿಸಿಯಲ್ಲಿ ಸುಟ್ಟು ಒಣಗಿಸಿರುತ್ತಾರೆ. ಬಿಟ್ಟರೆ ಗಾಳಿಯಿಂದ ನೀರು ಕುಡಿಯುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಜೂನ್, ಜುಲೈ ಗಾಳಿ ಗೊತ್ತಲ್ಲ, ಹಪ್ಪಳ ಹೊರಗಿಟ್ಟರೆ ಅರ್ಧ ಗಂಟೆಗೆ ಮೆತ್ತಗಾಗುತ್ತದೆ. ರಾಡೂ ಹಾಗೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಹಳ ದಿನ ತೇವದಲ್ಲಿ ಬಿದ್ದಿದ್ದರೆ ಲೇಪನದ ಮೇಲೆ ಬಿಳಿ ಹೂವು ಬಿಟ್ಟ ಹಾಗೆ ಪುಡಿ ಕಾಣುತ್ತದೆ. ಅದನ್ನು ಎಸೆದುಬಿಡಿ.

ಅಮೆರಿಕದ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯೂಎಸ್) ಡಿ1.1 ಕೋಡಿನಲ್ಲಿ ಮಾಮೂಲಿ 7018ಕ್ಕೆ ಹೊರಗಿನ ಗಾಳಿಯಲ್ಲಿ 4 ಗಂಟೆ ಗಡುವು. ಸೀಲು ಒಡೆದ ಮೇಲೆ 120 ಡಿಗ್ರಿಗಿಂತ ಕಡಿಮೆ ಇಲ್ಲದ ಓವನ್‌ನಲ್ಲಿ ಇಡಬೇಕು. ಗಡುವು ಮೀರಿದರೆ 260ರಿಂದ 430 ಡಿಗ್ರಿಯಲ್ಲಿ ಎರಡು ಗಂಟೆ ಮತ್ತೆ ಸುಡಬೇಕು. ಅದೂ ಒಂದೇ ಸಲ. ಒಂದು ಮಾತು ನೆನಪಿರಲಿ, ತೇವದ 7018 ಒಣ 6013ಕ್ಕಿಂತ ಕಡೆ. ಹೆಸರು ದೊಡ್ಡದು ಅಂತ ಧೈರ್ಯ ಬರುತ್ತದೆ, ಕೆಲಸ ಕೆಡುತ್ತದೆ.

ಹಾವೇರಿ_ಐಟಿಐ

ಸರ್, ನಾವು ಕ್ಲಾಸಿನಲ್ಲಿ ರಾಡನ್ನು ಬಿಸಿಲಿಗೆ ಇಡುತ್ತೇವೆ. ಮಳೆಗಾಲದಲ್ಲಿ 100 ವಾಟ್ ಬಲ್ಬ್ ಹಾಕಿದ ಪೆಟ್ಟಿಗೆ. ಅದು ನಡೆಯುವುದಿಲ್ಲವಾ? ಮನೆಯ ಕೇಕ್ ಓವನ್?

ವರ್ಕ್‌ಶಾಪ್_ಕಾಕಾ

6013ಕ್ಕೆ ಬಲ್ಬಿನ ಪೆಟ್ಟಿಗೆ ಒಳ್ಳೆಯದೇ. ತೀರಾ ತೇವ ಹಿಡಿದಿದ್ದರೆ 100-110 ಡಿಗ್ರಿಯಲ್ಲಿ ಒಂದು ಗಂಟೆ ಸಾಕು. ಜಾಸ್ತಿ ಸುಟ್ಟರೆ ಅದರ ಆರ್ಕೇ ಕೆಡುತ್ತದೆ. 7018 ಕುಡಿದ ನೀರು ಬಿಸಿಲಿಗೆ, ಬಲ್ಬಿಗೆ ಬಿಡುವುದಿಲ್ಲ. ಕೇಕ್ ಓವನ್ ಸಾಮಾನ್ಯವಾಗಿ 250ಕ್ಕೆ ನಿಲ್ಲುತ್ತದೆ, ಬೇಕಿರುವುದು 260ರ ಮೇಲೆ. ಅದರಲ್ಲಿ ರಾಡು ಸುಟ್ಟು ಆಮೇಲೆ ಕೇಕ್ ಮಾಡಿದರೆ ಮನೆಯವರು ನಿನ್ನನ್ನೇ ಹೊರಗೆ ಹಾಕುತ್ತಾರೆ.

ಕೌಂಟರ್_ಹುಬ್ಬಳ್ಳಿ

ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೂರುವವನು ನಾನು. ಬಿಡಿ ರಾಡು ತೂಗಿ ಕೊಡುವುದು ನಮ್ಮ ಕಡೆ ಮಾಮೂಲು, 6013 ಗಿರಾಕಿಗೆ ಅದರಿಂದ ತೊಂದರೆ ಇಲ್ಲ. 7018 ಮಾತ್ರ ಬಿಡಿಯಾಗಿ ಕೇಳಬೇಡಿ, ಕೊಟ್ಟರೂ ತೆಗೆದುಕೊಳ್ಳಬೇಡಿ. ಅಡೋರ್, ಎಸಾಬ್, ಡಿ ಅಂಡ್ ಎಚ್, ಯಾವುದೇ ಇರಲಿ, ಗಾಳಿ ತೆಗೆದ ವ್ಯಾಕ್ಯೂಮ್ ಪ್ಯಾಕ್ ಇದೆಯಾ ಅಂತ ಕೇಳಿ. ಒತ್ತಿ ನೋಡಿ. ಇಟ್ಟಿಗೆ ತರ ಗಟ್ಟಿ ಇರಬೇಕು. ಸಡಿಲ ಇದ್ದರೆ ಗಾಳಿ ಹೊಕ್ಕಿದೆ ಅಂತ ಅರ್ಥ. ಚಿಕ್ಕ ಪ್ಯಾಕ್ ತೆಗೆದುಕೊಳ್ಳಿ, ಅವತ್ತು ಒಡೆದಿದ್ದು ಅವತ್ತೇ ಮುಗಿಯಲಿ.

ಪ್ಯಾಕೆಟ್ ಮೇಲೆ ರಾಡಿನ ಭಾರತೀಯ ಮಾನದಂಡ ಐಎಸ್ 814ರ ನಂಬರೂ ಇರುತ್ತದೆ, ಯಾರೂ ಓದುವುದಿಲ್ಲ. ಇಆರ್ ಅಂತ ಶುರುವಾದರೆ ರೂಟೈಲ್, ಇಬಿ ಅಂತ ಶುರುವಾದರೆ ಬೇಸಿಕ್, ಅಂದರೆ ಕಾಕಾ ಹೇಳಿದ ಸುಣ್ಣದ ಜಾತಿ. ಕೊನೆಯ ಕಡೆ ಎಚ್3 ಇದ್ದರೆ ಹೈಡ್ರೋಜನ್ ತೀರಾ ಕಡಿಮೆ ಇರುವ ವರ್ಗ. ಎಕ್ಸ್ ಇದ್ದರೆ ಎಕ್ಸ್‌ರೇ ಪರೀಕ್ಷೆಗೆ ನಿಲ್ಲುವ ಗುಣಮಟ್ಟ.

ಗಿರಾಕಿಗಳು ಬಂದು "10 ನಂಬರ್ ಕೊಡಿ" ಅನ್ನುತ್ತಾರೆ. ಅದು ರಾಡಿನ ದಪ್ಪ, 3.15 ಎಂಎಂ. 12 ನಂಬರ್ ಅಂದರೆ 2.5, 8 ನಂಬರ್ ಅಂದರೆ 4. ಜಾತಿ ಯಾವುದು ಅಂತ ಕೇಳಿದರೆ "ಮಾಮೂಲಿ" ಅನ್ನುತ್ತಾರೆ. ಮಾಮೂಲಿ ಅಂದರೆ 6013.

ಹಾವೇರಿ_ಐಟಿಐ

ಅಮೆರಿಕದ ವಿಡಿಯೋಗಳಲ್ಲಿ ರೂಟಿಗೆ (ಜಾಯಿಂಟಿನ ತಳದ ಮೊದಲ ರನ್ನಿಗೆ) 6010 ಹಾಕುತ್ತಾರಲ್ಲ, ಅದು ಬೇಡವಾ?

ಕೌಂಟರ್_ಹುಬ್ಬಳ್ಳಿ

ಅದು ಪೈಪ್‌ಲೈನ್‌ನವರ ರಾಡು. ಈ ಕೆಲಸಕ್ಕೆ ಬೇಡ, ನನ್ನ ಹತ್ತಿರ ಸ್ಟಾಕೂ ಇಲ್ಲ.

ವರ್ಕ್‌ಶಾಪ್_ಕಾಕಾ

ಮೆಷಿನ್ ವಿಷಯ ಬಿಟ್ಟುಹೋಯಿತು. ಟ್ರಾನ್ಸ್‌ಫಾರ್ಮರ್ ಎಸಿ. 7018 ಎಸಿಯಲ್ಲಿ ಉರಿಯಬೇಕಾದರೆ ಖಾಲಿ ವೋಲ್ಟೇಜ್ (ಆರ್ಕ್ ಹತ್ತುವ ಮೊದಲು ಮೆಷಿನ್ ಕೊಡುವುದು) 70 ಆದರೂ ಬೇಕು. ಹಳೆಯ ಚಿಕ್ಕ ಮೆಷಿನ್‌ಗಳಲ್ಲಿ 50-55 ಇರುತ್ತದೆ, ಅದಕ್ಕೇ ಅಂಟುವುದು. ಇನ್ವರ್ಟರ್ ತೆಗೆದುಕೊಳ್ಳಿ, ಹೋಲ್ಡರ್ ಪ್ಲಸ್‌ಗೆ ಹಾಕಿ. 10 ನಂಬರಿಗೆ 115-125 ಆಂಪ್ಸ್‌ನಿಂದ ಶುರು ಮಾಡಿ.

ಕೈ ಬೇರೆ. 6013ರಲ್ಲಿ ರಾಡನ್ನು ಪ್ಲೇಟಿಗೆ ಒರಗಿಸಿ ಎಳೆಯುತ್ತಾ ಹೋಗಬಹುದು, ಆರ್ಕ್ ಸ್ವಲ್ಪ ಉದ್ದ ಆದರೂ ಕ್ಷಮಿಸುತ್ತದೆ. 7018 ಕ್ಷಮಿಸುವುದಿಲ್ಲ. ಆರ್ಕ್ ಗಿಡ್ಡ ಇರಬೇಕು, ರಾಡಿನ ತುದಿ ಹೊಂಡಕ್ಕೆ ತಾಗಿಯೂ ತಾಗದ ಹಾಗೆ. ಹಿಂದೆ ಮುಂದೆ ಜಾಡಿಸಬಾರದು. ಜಾಡಿಸಿದರೆ ಗಾಳಿ ಹೊಕ್ಕು ತೂತು ಬೀಳುತ್ತದೆ.

ಶುರುವಿನ ತೂತಿಗೆ ಔಷಧ ಇದೆ. ರನ್ ಎಲ್ಲಿ ಶುರುವಾಗಬೇಕೋ ಅಲ್ಲಿ ಗೀರಬೇಡಿ. ಒಂದು ಬೆರಳಗಲ ಮುಂದೆ ಗೀರಿ, ಆರ್ಕ್ ಹತ್ತಿದ ಮೇಲೆ ಶುರುವಿನ ಜಾಗಕ್ಕೆ ವಾಪಸ್ ಬನ್ನಿ, ಒಂದು ಉಸಿರು ನಿಲ್ಲಿ, ಆಮೇಲೆ ಮುಂದಕ್ಕೆ ಹೋಗಿ. ಗೀರಿದ ಜಾಗದ ತೂತೆಲ್ಲ ಕರಗಿ ಹೋಗುತ್ತದೆ. ಅರ್ಧ ಸುಟ್ಟ ರಾಡನ್ನು ಮತ್ತೆ ಹಚ್ಚುವಾಗ ತುದಿಯಲ್ಲಿ ಗಾಜಿನ ಟೊಪ್ಪಿ ಇರುತ್ತದೆ. ಅದನ್ನು ಕಲ್ಲಿಗೋ ಕಬ್ಬಿಣಕ್ಕೋ ಮೆಲ್ಲಗೆ ತಟ್ಟಿ ಉದುರಿಸಿ. ಜೋರಾಗಿ ಕುಟ್ಟಿದರೆ ಲೇಪನವೂ ಉದುರುತ್ತದೆ, ಅಲ್ಲೂ ತೂತೇ.

ನಮ್ಮ ಮಾತು ನಂಬಬೇಡಿ, ಎರಡು ತುಂಡು ಮಾಡಿ ನೋಡಿ. 12 ಎಂಎಂ ಪ್ಲೇಟು, ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಕಡೆ ಫಿಲೆಟ್ ಹೊಡೆಯಿರಿ. ಒಂದಕ್ಕೆ 6013, ಇನ್ನೊಂದಕ್ಕೆ ಹೊಸ ಪ್ಯಾಕಿನ 7018. ಪೂರ್ತಿ ಆರಿದ ಮೇಲೆ ವೈಸ್‌ಗೆ ಕಚ್ಚಿಸಿ, ನಿಂತ ಪ್ಲೇಟನ್ನು ವೆಲ್ಡಿನ ಕಡೆಗೆ ಸುತ್ತಿಗೆಯಿಂದ ಮಲಗಿಸಿ. ವೆಲ್ಡು ಹರಿದಾಗ ಹೊಟ್ಟೆ ಕಾಣುತ್ತದೆ.

ತಾರಿಹಾಳ_ಶೆಡ್

ಮೂರು ದಿನ ಮಳೆ, ಕರೆಂಟು ಬಂದು ಹೋಗಿ. ಇವತ್ತು ಮಾಡಿದೆವು.

6013ದು ಮೇಲಿಂದ ಮದುವಣಗಿತ್ತಿ ತರ ಇತ್ತು. ಐದನೇ ಏಟಿಗೆ ಹರಿಯಿತು. ಒಳಗೆ ನೋಡಿದರೆ ಮೂಲೆಯ ಉದ್ದಕ್ಕೂ ಕಪ್ಪು ಗೆರೆ. ಸ್ಲ್ಯಾಗು! ಎರಡು ಪ್ಲೇಟು ಸೇರುವ ಮೂಲೆಯವರೆಗೆ ಲೋಹ ಇಳಿದೇ ಇಲ್ಲ, ಕೆಲವು ಕಡೆ ಪ್ಲೇಟಿನ ಕತ್ತರಿಸಿದ ಅಂಚು ಹಾಗೇ ಇದೆ. ನಾವು ಇಷ್ಟು ವರ್ಷ ಮೇಲಿನ ಬೀಡು ನೋಡಿ ಖುಷಿಪಡುತ್ತಿದ್ದೆವು. ದೊಡ್ಡ ಹುಡುಗ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತೇ ಆಡಲಿಲ್ಲ.

7018ದು ನೋಡಲು ಸುಮಾರಾಗಿತ್ತು. ಹತ್ತಕ್ಕಿಂತ ಜಾಸ್ತಿ ಏಟು ಬೇಕಾಯಿತು, ಹರಿಯುವ ಮೊದಲು ಪ್ಲೇಟೇ ಬಾಗಿತು. ಒಳಗೆ ಬೂದು ಬಣ್ಣ, ರೇಷ್ಮೆ ತರ. ಶುರುವಿನಲ್ಲಿ ಎರಡು ತೂತು ಇದ್ದವು. ಕಾಕಾ ಹೇಳಿದ ಹಾಗೆ ಮುಂದೆ ಗೀರಿ ಹಿಂದೆ ಬಂದ ತುಂಡಿನಲ್ಲಿ ಅವೂ ಇಲ್ಲ.

ಧಾರವಾಡ_ಸ್ಟ್ರಕ್ಚರಲ್

ಒಳ್ಳೆಯ ಕೆಲಸ ಮಾಡಿದಿರಿ. ಆದರೆ 6013ದು ಪೂರ್ತಿ ರಾಡಿನ ತಪ್ಪು ಅಂತ ತೀರ್ಮಾನ ಮಾಡಬೇಡಿ. ಎಷ್ಟು ಆಂಪ್ಸ್ ಇಟ್ಟಿದ್ದರು?

ತಾರಿಹಾಳ_ಶೆಡ್

95. ಗೇಟಿಗೆ ಇಡುವಷ್ಟೇ.

ಧಾರವಾಡ_ಸ್ಟ್ರಕ್ಚರಲ್

ಅದೇ ನೋಡಿ. 12 ಎಂಎಂ ಪ್ಲೇಟಿಗೆ 10 ನಂಬರ್ 6013 ಆದರೂ 120 ಮುಟ್ಟಬೇಕು. ತೆಳು ಕೆಲಸದ ಕೈ ದಪ್ಪ ಪ್ಲೇಟಿಗೆ ಬಂದರೆ ಆಗುವುದೇ ಹೀಗೆ. 6013ರ ಸ್ಲ್ಯಾಗು ಓಡಾಡುವ ಜಾತಿ, ಆಂಪ್ಸ್ ಕಡಿಮೆ ಇದ್ದರೆ ಲೋಹಕ್ಕಿಂತ ಮುಂದೆ ಓಡಿ ಮೂಲೆಯಲ್ಲಿ ಕೂರುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಬೇಸ್ ಪ್ಲೇಟು, ಗಸೆಟ್, ಅಟ್ಟದ ಬೀಮ್ ಹೊರುವ ಬ್ರಾಕೆಟ್, ಇವಕ್ಕೆ 7018. ಟ್ಯಾಕ್ (ಪ್ಲೇಟು ಅಲುಗದ ಹಾಗೆ ಮೊದಲು ಹಾಕುವ ಚಿಕ್ಕ ವೆಲ್ಡು) ಕೂಡ 7018ರಲ್ಲೇ. ಟ್ಯಾಕ್‌ಗೆ 6013 ಹಾಕಿ ಮೇಲೆ 7018 ಎಳೆಯುವುದನ್ನು ಬಹಳ ಕಡೆ ನೋಡುತ್ತೇನೆ. ಆ ಟ್ಯಾಕ್ ಜಾಯಿಂಟಿನ ಒಳಗೇ ಉಳಿಯುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟಬಹುದು. ಪರ್ಲಿನ್ ಕ್ಲೀಟ್ (ಛಾವಣಿಯ ಅಡ್ಡಪಟ್ಟಿ ಹಿಡಿಯುವ ತುಂಡು), ಮೆಟ್ಟಿಲಿನ ಚೆಕರ್ ಪ್ಲೇಟ್, ಕಟಕಟೆ ಇವೆಲ್ಲ 6013 ಸಾಕು, ತೆಳುವಿಗೆ ಅದೇ ಚೆನ್ನ. ಆದರೆ ನಿಮ್ಮ ಡ್ರಾಯಿಂಗಿನಲ್ಲಿ "ಎಲ್ಲಾ" ಅಂತ ಇದೆ, ಹಾಗಾಗಿ ಎಂಜಿನಿಯರ್ ಹತ್ತಿರ ಬರೆಸಿಕೊಂಡು ಮಾಡಿ. ನಿಜ ಹೇಳಬೇಕೆಂದರೆ ನಾವು "ಎಲ್ಲಾ" ಅಂತ ಬರೆಯುವುದು ಅರ್ಧ ಸೋಮಾರಿತನಕ್ಕೆ, ಅರ್ಧ ಸೈಟಿನಲ್ಲಿ ರಾಡು ಅದಲುಬದಲಾಗುವ ಭಯಕ್ಕೆ.

ಮಾಲೀಕರ ಖರ್ಚಿನ ಮಾತಿಗೆ ಒಂದು ಲೆಕ್ಕ ತೋರಿಸಿ. 6 ಎಂಎಂ ಫಿಲೆಟ್ ಒಂದು ಮೀಟರ್ ಹೊಡೆದರೆ ಕೂರುವ ಲೋಹ ಸುಮಾರು 140 ಗ್ರಾಂ. 8 ಎಂಎಂ ಆದರೆ 250. ಅಂದರೆ "ಇರಲಿ ಬಿಡು, ಗಟ್ಟಿಯಾಗಲಿ" ಅಂತ ಎರಡು ಎಂಎಂ ದಪ್ಪ ಹೊಡೆದರೆ ಮುಕ್ಕಾಲು ಪಾಲು ರಾಡು ಹೆಚ್ಚುವರಿ ಹೋಯಿತು. ಪ್ಲೇಟು ಸೊಟ್ಟ ಆಗುವುದು ಬೇರೆ. ಡ್ರಾಯಿಂಗಿನ ಅಳತೆಗೆ ಗೇಜ್ ಇಟ್ಟು ಹೊಡೆದರೆ 7018ರ ಹೆಚ್ಚಿನ ಬೆಲೆಯಲ್ಲಿ ಬಹಳಷ್ಟು ಅಲ್ಲೇ ವಾಪಸ್ ಬರುತ್ತದೆ. 20 ಎಂಎಂ ಪ್ಲೇಟಿಗೆ ಕೋಡು ಕೇಳುವ ಕನಿಷ್ಠ ಅಳತೆಯೇ 5 ಎಂಎಂ.

ವರ್ಕ್‌ಶಾಪ್_ಕಾಕಾ

ಬ್ಯಾಡಗಿಗೆ ಹೋದಾಗ ಕೇಬಲ್ ನೋಡಿಕೊಳ್ಳಿ. ಮನೆ ವೈರಿಂಗಿನ 2.5 ಎಂಎಂ ವೈರು 50 ಮೀಟರ್ ಎಳೆದು ಮೆಷಿನ್ ಹಚ್ಚಿದರೆ, 22 ಆಂಪ್ಸ್ ಎಳೆಯುವಾಗ ದಾರಿಯಲ್ಲೇ 16 ವೋಲ್ಟ್ ಹೋಗುತ್ತದೆ. ಮೊದಲೇ ಸಂಜೆ ಹೊತ್ತು ವೋಲ್ಟೇಜ್ ಇರುವುದಿಲ್ಲ. ಆಮೇಲೆ ರಾಡು ಅಂಟುತ್ತದೆ ಅಂತ ಇಲ್ಲಿ ಬಂದು ಬರೆಯುತ್ತೀರಿ.

ತಾರಿಹಾಳ_ಶೆಡ್

ಬರೆಯುವುದಿಲ್ಲ ಕಾಕಾ. 6 ಎಂಎಂ ಕೇಬಲ್ ತಂದಾಯಿತು. ಎಂಜಿನಿಯರ್ ಫೋನಿನಲ್ಲಿ ಒಪ್ಪಿ, ಎಲ್ಲೆಲ್ಲಿ 6013 ಆಗುತ್ತದೆ ಅಂತ ಡ್ರಾಯಿಂಗ್ ಮೇಲೆ ಹಸಿರು ಪೆನ್ನಿನಲ್ಲಿ ಗುರುತು ಮಾಡಿ ಕಳಿಸಿದರು. ಬ್ರಾಕೆಟ್ಟೂ ಗಸೆಟ್ಟೂ ಇಲ್ಲೇ ಹೊಡೆದು ಲಾರಿಯಲ್ಲಿ ಒಯ್ಯುತ್ತೇವೆ, ಅಲ್ಲಿ ಬೋಲ್ಟು. 5 ಕೆಜಿ ಹಿಡಿಯುವ ಚಿಕ್ಕ ಓವನ್ ತಂದಿದ್ದೇನೆ, ಹೆಗಲಿಗೆ ಹಾಕಿಕೊಳ್ಳುವಂಥದ್ದು. ಮಾಲೀಕರಿಗೆ ಬಾಯಿಂದ ಏನೂ ಹೇಳಲಿಲ್ಲ, ಹರಿದ ಎರಡು ತುಂಡು ಅವರ ಟೇಬಲ್ ಮೇಲೆ ಇಟ್ಟು ಬಂದೆ. ಸಂಜೆ ಅವರೇ ಫೋನ್ ಮಾಡಿ, ಹಳೆ ಗೋದಾಮಿನ ಮೆಟ್ಟಿಲೂ ಒಂದು ಸಲ ನೋಡಿ ಹೋಗಿ ಅಂದರು.

ಗದಗ_ಟ್ರಾಲಿ

ನನ್ನ ಹತ್ತಿರ ಇನ್ನೊಂದು ಆಕ್ಸಲ್ ತುಂಡು ಬಿದ್ದಿದೆ. ಟ್ರಾಲಿಗೆ ಹಾಕುವುದಿಲ್ಲ ಕಾಕಾ, ಸುಮ್ನೆ ಹರಿದು ಹೊಟ್ಟೆ ನೋಡಲಿಕ್ಕೆ. ತಾರಿಹಾಳದವರ ಓವನ್ ಭಾನುವಾರ ಖಾಲಿ ಇರುತ್ತದಾ?

ತಾರಿಹಾಳ_ಶೆಡ್

ಬನ್ನಿ ಅಣ್ಣ. ರಾಡು ನನ್ನದು, ಗಿರ್ಮಿಟ್ ನಿಮ್ಮದು.